ಬಲಗೈಯ ಲೆಕ್ಕ, ಪಾದದ ಲೆಕ್ಕ

ಮಾನ್ವಿ ಕಡೆಯ ರೈತನಿಗೆ ಮೈಯಲ್ಲಿ ರಕ್ತ ಹರಿಯುವ ಬಗೆಯನ್ನು ವಿವರಿಸುವುದು ಸುಲಭ. ಅಣೆಕಟ್ಟು ತುಂಬಿದ ಮಾತ್ರಕ್ಕೆ ಹೊಲಕ್ಕೆ ನೀರು ಬಂದಂತಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹೊರಟು, ಗಂಗಾವತಿ, ಸಿಂಧನೂರು ದಾಟಿ, ಇನ್ನೂರು ಕಿಲೋಮೀಟರ್‌ಗೂ ಹೆಚ್ಚು ಹರಿಯುತ್ತದೆ. ಮೇಲಿನವರು ತೂಬು ಎತ್ತಿಕೊಂಡರೆ ಕೆಳಗಿನವರಿಗೆ ಬರೀ ಕೆಸರು. ಹಾಗಾಗಿ ಕೊನೆ ಭಾಗದ ರೈತ ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ ಎಂದು ಕೇಳುವುದಕ್ಕಿಂತ ‘ಗೇಜ್ ಎಷ್ಟೈತಿ?’ ಎಂದು ಕೇಳುವುದೇ ಹೆಚ್ಚು. ಒಂದೇ ಕಾಲುವೆ, ಎರಡು ಜಾಗ, ಎರಡು ಅಳತೆ. ಆ ಎರಡು ಅಳತೆಗಳ ನಡುವಿನ ವ್ಯತ್ಯಾಸದಲ್ಲೇ ದಾರಿಯಲ್ಲಿ ಏನು ನಡೆದಿದೆ ಎಂಬುದು ಅಡಗಿರುತ್ತದೆ.

ಹೊಟ್ಟೆಯೊಳಗಿನ ಕೂಸಿನದೂ ಹೆಚ್ಚುಕಡಿಮೆ ಇದೇ ಕಥೆ. ಒಂಬತ್ತು ತಿಂಗಳು ಅದರ ಶ್ವಾಸಕೋಶಗಳಿಗೆ ಕೆಲಸವಿಲ್ಲ. ಅವುಗಳ ತುಂಬ ನೀರು. ಆಮ್ಲಜನಕ ಬರುವುದು ಮಾಸಿನ ಮೂಲಕ, ಹೊಕ್ಕುಳಬಳ್ಳಿಯಲ್ಲಿ. ಬೆಳೆಯಿಲ್ಲದ ಹೊಲಕ್ಕೆ ನೀರು ಬಿಡುವವರುಂಟೇ? ಶ್ವಾಸಕೋಶಕ್ಕೆ ಹೋಗುವ ಉಪಕಾಲುವೆಯ ತೂಬನ್ನು ಕೂಸಿನ ದೇಹ ಬಿಗಿಯಾಗಿ ಇಳಿಬಿಟ್ಟಿರುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಮುದುಡಿಕೊಂಡಿರುತ್ತವೆ. ಹೃದಯ ಒತ್ತಿ ಕಳಿಸುವ ರಕ್ತದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ನುಸುಳುತ್ತದೆ. ಮಿಕ್ಕಿದ್ದಕ್ಕೆ ಎರಡು ಅಡ್ಡದಾರಿಗಳಿವೆ. ಒಂದು, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿರುವ ಕಿಂಡಿ, ಅದಕ್ಕೊಂದು ಪರದೆಯಂಥ ಬಾಗಿಲು. ಇನ್ನೊಂದು, ಶ್ವಾಸಕೋಶದ ಧಮನಿಯಿಂದ ನೇರವಾಗಿ ಮಹಾಧಮನಿಗೆ ಸೇರುವ ಗಿಡ್ಡ ಕೊಳವೆ. ಇದಕ್ಕೆ ವೈದ್ಯರು ‘ಡಕ್ಟಸ್’ ಎನ್ನುತ್ತಾರೆ. ಈ ಹೆಸರು ನೆನಪಿರಲಿ, ಕಥೆಯ ಗುಟ್ಟೆಲ್ಲ ಅದು ಸೇರುವ ಜಾಗದಲ್ಲಿದೆ.

ಹೆರಿಗೆಯಾದ ಕ್ಷಣ ಈ ಏರ್ಪಾಡೆಲ್ಲ ತಲೆಕೆಳಗಾಗಬೇಕು. ಕೂಸು ಅಳುತ್ತದೆ, ಗಾಳಿ ಒಳನುಗ್ಗುತ್ತದೆ, ಶ್ವಾಸಕೋಶ ಹಿಗ್ಗುತ್ತದೆ, ರಕ್ತದಲ್ಲಿ ಆಮ್ಲಜನಕ ಏರುತ್ತದೆ. ರಕ್ತನಾಳಗಳ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಚೂರು ಚೂರೇ ಬಿಡುತ್ತದೆ. ಮುದುಡಿದ ನಾಳಗಳು ಅರಳುತ್ತವೆ. ಶ್ವಾಸಕೋಶಕ್ಕೆ ಹರಿಯುವ ರಕ್ತ ನೋಡನೋಡುತ್ತಲೇ ಎಂಟು-ಹತ್ತು ಪಟ್ಟು ಹೆಚ್ಚುತ್ತದೆ. ಕಿಂಡಿಯ ಪರದೆ ಮುಚ್ಚಿಕೊಳ್ಳುತ್ತದೆ, ಡಕ್ಟಸ್ ಒಂದೆರಡು ದಿನದಲ್ಲಿ ಕುಗ್ಗಿ ಮುಚ್ಚುತ್ತದೆ. ಎಂಜಿನಿಯರ್ ಇಲ್ಲ, ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಿಲ್ಲ, ಧರಣಿಯಿಲ್ಲ. ತೂಬು ತಾನಾಗಿ ಏಳುತ್ತದೆ.

ಸಾವಿರ ಹೆರಿಗೆಗಳಲ್ಲಿ ಸುಮಾರು ಎರಡರಲ್ಲಿ ಅದು ಏಳುವುದಿಲ್ಲ.

1969ರಲ್ಲಿ ಅಮೆರಿಕದ ವೆಲ್ಟನ್ ಗೆರ್ಸೋನಿ ಮತ್ತು ಜೊತೆಗಾರರು ಇಂಥ ಕೂಸುಗಳ ಬಗ್ಗೆ ಬರೆದಾಗ ಈ ಸ್ಥಿತಿಯನ್ನು ‘ಮುಂದುವರಿದ ಭ್ರೂಣ ಪರಿಚಲನೆ’ ಎಂಬ ಅರ್ಥದ ಹೆಸರಿನಿಂದ ಕರೆದರು. ಕೂಸು ಹೊರಗೆ ಬಂದಿದೆ, ರಕ್ತ ಮಾತ್ರ ಇನ್ನೂ ಹೊಟ್ಟೆಯೊಳಗಿದ್ದೇನೆಂದೇ ತಿಳಿದು ಹರಿಯುತ್ತಿದೆ. ನನಗೆ ಆ ಹಳೆಯ ಹೆಸರೇ ಇಷ್ಟ. ಈಗಿನ ವೈದ್ಯರು ‘ಪಿಪಿಎಚ್‌ಎನ್’ ಎನ್ನುತ್ತಾರೆ, ಎಂದರೆ ನವಜಾತ ಶಿಶುವಿನ ಶ್ವಾಸಕೋಶದ ನಾಳಗಳಲ್ಲಿ ಇಳಿಯದೆ ಉಳಿದ ರಕ್ತದೊತ್ತಡ. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ನಾಲ್ಕು ಜಿಲ್ಲೆಗಳ ಜನ ನಿದ್ದೆಗೆಟ್ಟರು. ಅಲ್ಲಿ ಗೇಟು ಮುರಿದಿತ್ತು. ಇಲ್ಲಿ ಗೇಟು ಗಟ್ಟಿಯಾಗಿಯೇ ಇದೆ, ಎತ್ತುವವರಿಲ್ಲದೆ ಕಚ್ಚಿಕೊಂಡು ನಿಂತಿದೆ.

ದೇವದುರ್ಗ ತಾಲೂಕಿನ ಒಂದು ಕೂಸನ್ನು ಊಹಿಸಿಕೊಳ್ಳೋಣ. ಅದಕ್ಕೆ ಹೆಸರಿಲ್ಲ, ತೊಟ್ಟಿಲಿಗೆ ಹಾಕುವ ದಿನ ಇನ್ನೂ ಬಂದಿಲ್ಲ. ಕಾಲಿಗೆ ಕಟ್ಟಿದ ಪಟ್ಟಿಯ ಮೇಲೆ ಅವ್ವನ ಹೆಸರೇ ಅದರ ಹೆಸರು. ದಿನ ತುಂಬಿ ಒಂದು ವಾರ ಮೀರಿತ್ತು. ಬ್ಯಾನಿ ಶುರುವಾದ ಮೇಲೆ ತಾಸುಗಟ್ಟಲೆ ಕಳೆದವು. ನೀರು ಒಡೆದಾಗ ಅದು ಹಸಿರಾಗಿತ್ತು: ಕೂಸು ಒಳಗೇ ತನ್ನ ಮೊದಲ ಮಲ ಬಿಟ್ಟಿದೆ. ಹೊರಗೆ ಕೂತ ಅಜ್ಜಿಯ ಬಾಯಲ್ಲಿ ಸುದ್ದಿ ಹೀಗೆ: ‘ಕೂಸು ಹೊಟ್ಟ್ಯಾಗ ಹೊಲಸು ನೀರು ಕುಡದೈತಂತ.’ ವೈದ್ಯಕೀಯವಾಗಿ ಇದಕ್ಕಿಂತ ಸರಿಯಾದ ವಾಕ್ಯ ನನಗೆ ತೋಚುವುದಿಲ್ಲ, ‘ಕುಡಿದಿದೆ’ ಎಂಬಲ್ಲಿ ‘ಉಸಿರಿಗೆಳೆದಿದೆ’ ಎಂದು ಬದಲಿಸಿದರೆ ಸಾಕು. ಅಂಟಂಟಾದ ಆ ಮಲ ಶ್ವಾಸನಾಳಗಳಿಗೆ ಇಳಿದು ಕೆಲವು ಕಡೆ ಗಾಳಿಯನ್ನು ತಡೆಯುತ್ತದೆ, ಕೆಲವು ಕಡೆ ಕೂಡಿಹಾಕುತ್ತದೆ, ಎಲ್ಲ ಕಡೆ ಉರಿಯೂತ ಎಬ್ಬಿಸುತ್ತದೆ. ಆಮ್ಲಜನಕ ಕುಸಿದಂತೆ ಶ್ವಾಸಕೋಶದ ನಾಳಗಳು ಇನ್ನಷ್ಟು ಮುದುಡುತ್ತವೆ. ಮುದುಡಿದಂತೆ ಆಮ್ಲಜನಕ ಇನ್ನಷ್ಟು ಕುಸಿಯುತ್ತದೆ. ಈ ಸುಳಿಯೇ ಪಿಪಿಎಚ್‌ಎನ್.

ಕಾರಣಗಳು ಬೇರೆಯೂ ಇವೆ: ಸೋಂಕು, ಹೆರಿಗೆಯ ಹೊತ್ತಿನಲ್ಲಿ ಉಸಿರುಗಟ್ಟುವುದು, ವಪೆಯಲ್ಲಿ ರಂಧ್ರವಿದ್ದು ಕರುಳು ಎದೆಗೂಡಿಗೆ ಸೇರಿರುವುದು. ಕೆಲವು ಕೂಸುಗಳಲ್ಲಿ ಕಾರಣವೇ ಸಿಗುವುದಿಲ್ಲ. ಇವುಗಳ ಜೊತೆ ತಡೆಯಬಹುದಾದ ಒಂದು ಕಾರಣವನ್ನು ಹೇಳಲೇಬೇಕು. ಬ್ಯಾನಿ ಬೇಗ ಬರಲೆಂದು ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ಲೆಕ್ಕವಿಲ್ಲದೆ ಚುಚ್ಚುವ ಚಾಳಿ ಹಳ್ಳಿಗಾಡಿನಲ್ಲಿ ಪೂರ್ತಿ ಹೋಗಿಲ್ಲ. ಗರ್ಭಕೋಶ ಬಿಡುವಿಲ್ಲದೆ ಹಿಂಡಿದರೆ ಮಾಸಿಗೆ ರಕ್ತ ಸಾಲದೆ ಒಳಗಿನ ಕೂಸಿಗೆ ಉಸಿರು ಕಟ್ಟುತ್ತದೆ. ಹನಿ ಹನಿಯಾಗಿ, ಎಣಿಸಿ, ಕೂಸಿನ ಎದೆಬಡಿತ ಕೇಳುತ್ತಾ ಕೊಡಬೇಕಾದ ಔಷಧವದು.

ಹಸಿರು ನೀರಲ್ಲಿ ಹುಟ್ಟಿ ಅಳದ ಕೂಸಿನ ಗಂಟಲಿಗೆ ಕೊಳವೆ ಇಳಿಸಿ ಎಲ್ಲವನ್ನೂ ಹೀರಿ ತೆಗೆಯಲೇಬೇಕು ಎಂಬುದು ದಶಕಗಳ ಕಾಲ ಪಠ್ಯದ ಮಾತಾಗಿತ್ತು. ಅದರಿಂದ ಲಾಭವಿದೆಯೇ ಎಂದು ಸರಿಯಾಗಿ ಪರೀಕ್ಷಿಸಿ ನೋಡಿದವರಲ್ಲಿ ಭಾರತದ ವೈದ್ಯರು ಮುಂದಿದ್ದರು. ಪುದುಚೇರಿಯ ಜಿಪ್ಮರ್‌ನಲ್ಲಿ ಮತ್ತು ದೆಹಲಿಯಲ್ಲಿ ನಡೆದ ಅಧ್ಯಯನಗಳಲ್ಲಿ ಹಾಗೆ ಹೀರಿದ ಕೂಸುಗಳಿಗೂ ಹೀರದ ಕೂಸುಗಳಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2015ರಿಂದ ಜಗತ್ತಿನ ಮಾರ್ಗಸೂಚಿಯೇ ಬದಲಾಯಿತು: ಹೀರುವುದರಲ್ಲಿ ಹೊತ್ತು ಕಳೆಯಬೇಡಿ, ಮೊದಲು ಉಸಿರು ಕೊಡಿ.

ಮತ್ತೆ ನಮ್ಮ ಕೂಸಿನ ಹತ್ತಿರ. ಉಸಿರು ತುಂಬುವ ಅಂಬು ಬ್ಯಾಗ್ ಒತ್ತಿದ ಮೇಲೆ ಅದು ಅತ್ತಿದೆ, ಆದರೆ ಬಣ್ಣ ಬರುತ್ತಿಲ್ಲ. ಈಗ ಸಿಸ್ಟರ್ ಒಂದು ಕೆಲಸ ಮಾಡುತ್ತಾರೆ. ಪಲ್ಸ್ ಆಕ್ಸಿಮೀಟರಿನ ಪಟ್ಟಿಯನ್ನು ಕೂಸಿನ ಬಲ ಅಂಗೈಗೆ ಸುತ್ತುತ್ತಾರೆ. ಬೆಳಕು ಬೀಳದಂತೆ ಮೇಲೊಂದು ಬಟ್ಟೆ. ಕೆಂಪು ದೀಪ ಆ ಪುಟ್ಟ ಅಂಗೈಯನ್ನು ಹಾದು ಬೆರಳ ಸಂದಿಯಲ್ಲಿ ಕೆಂಡದ ಹಾಗೆ ಕಾಣುತ್ತದೆ. ಅಂಕಿ ನಿಲ್ಲುವವರೆಗೆ ಕಾಯುತ್ತಾರೆ: 93. ಬಿಚ್ಚಿ ಪಾದಕ್ಕೆ ಸುತ್ತುತ್ತಾರೆ. ಮತ್ತೆ ಕಾಯುತ್ತಾರೆ: 80. ಬಲಗೈಗೂ ಪಾದಕ್ಕೂ ಹದಿಮೂರರ ಅಂತರ.

ಬಲಗೈಯೇ ಏಕೆ? ಮಹಾಧಮನಿಯಿಂದ ಬಲಗೈಗೆ ಹೋಗುವ ಕವಲು ಒಡೆಯುವುದು ಡಕ್ಟಸ್ ಬಂದು ಸೇರುವ ಜಾಗಕ್ಕಿಂತ ಮೊದಲು. ಪಾದಕ್ಕೆ ಹೋಗುವ ರಕ್ತ ಆ ಜಾಗವನ್ನು ದಾಟಿಯೇ ಹೋಗಬೇಕು. ತೂಬು ಮುಚ್ಚಿದ್ದರಿಂದ ಶ್ವಾಸಕೋಶಕ್ಕೆ ಹೋಗಲಾಗದ ನೀಲಿ ರಕ್ತ ಡಕ್ಟಸಿನ ಅಡ್ಡದಾರಿ ಹಿಡಿದು ಮಹಾಧಮನಿಗೆ ಬೆರೆಯುತ್ತಿದ್ದರೆ, ಬಲಗೈಗೆ ಶುದ್ಧ ರಕ್ತ, ಪಾದಕ್ಕೆ ಕಲಬೆರಕೆ ರಕ್ತ. ಮೇಲಿನ ಗೇಜು ಒಂದು, ಕೆಳಗಿನ ಗೇಜು ಇನ್ನೊಂದು. ಮಾನ್ವಿಯ ರೈತನಿಗೆ ಇದು ಅರ್ಥವಾಗದೆ ಇರುತ್ತದೆಯೇ?

ಐದು-ಹತ್ತು ಅಂಶಕ್ಕಿಂತ ಹೆಚ್ಚಿನ ಅಂತರ ಕಂಡರೆ ವೈದ್ಯರ ಕಿವಿ ನಿಮಿರುತ್ತದೆ. ಅಂತರ ಕಾಣದಿದ್ದರೆ ರೋಗವಿಲ್ಲ ಎನ್ನುವಂತಿಲ್ಲ. ರಕ್ತ ಡಕ್ಟಸಿನ ಬದಲು ಹೃದಯದ ಕಿಂಡಿಯಲ್ಲೇ ಬೆರೆತರೆ ಕೈ, ಕಾಲು ಎರಡರಲ್ಲೂ ಅಂಕಿ ಕೆಳಗಿರುತ್ತದೆ. ಹುಟ್ಟಿನಿಂದಲೇ ಹೃದಯದ ರಚನೆ ಕೆಟ್ಟಿರುವ ಕೂಸುಗಳೂ ಹೀಗೇ ನೀಲಿಗಟ್ಟುತ್ತವೆ. ಖಚಿತವಾಗಲು ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಬೇಕು. ಆದರೆ ಎಕೋ ಯಂತ್ರವೂ ಅದನ್ನು ಓದಬಲ್ಲವರೂ ಇಲ್ಲದ ಕಡೆ, ರಾತ್ರಿ ಎರಡು ಗಂಟೆಗೆ, ‘ಈ ಕೂಸು ಈಗಲೇ ರಾಯಚೂರಿಗೆ ಹೋಗಬೇಕು’ ಎಂದು ನಿರ್ಧರಿಸಲು ಈ ಪಟ್ಟಿ ಸಾಕು. ಪಲ್ಸ್ ಆಕ್ಸಿಮೀಟರಿನ ಹಿಂದಿನ ತತ್ವವನ್ನು 1970ರ ದಶಕದ ಆರಂಭದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಕೊರೋನಾದಿಂದಾಗಿ ಅವರ ಯಂತ್ರ ಮನೆಮನೆಗೆ ಹೊರಟಿದ್ದ ಹೊತ್ತಿನಲ್ಲೇ.

ದೇವದುರ್ಗದಿಂದ ರಾಯಚೂರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್, ಮಾನ್ವಿಯಿಂದ ಸ್ವಲ್ಪ ಕಡಿಮೆ. ಈ ದಾರಿಯಲ್ಲಿ ಕೂಸಿಗೆ ದೊಡ್ಡ ಶತ್ರು ಚಳಿ. ಮೇ ತಿಂಗಳಲ್ಲಿ ಬಿಸಿಲು ನಲವತ್ತೆರಡು-ನಲವತ್ಮೂರು ಮುಟ್ಟುವ ರಾಯಚೂರಿನಲ್ಲಿ ಚಳಿಯ ಮಾತೇ ಎಂದು ನಗಬಹುದು. ಆದರೆ ಮೂರು ಕೆಜಿಯ ಒದ್ದೆ ಮೈ ಫ್ಯಾನಿನ ಕೆಳಗೆ ಎಷ್ಟು ಬೇಗ ಆರುತ್ತದೋ ಅಷ್ಟೇ ಬೇಗ ತಣ್ಣಗಾಗುತ್ತದೆ. ತಣ್ಣಗಾದ ಕೂಸಿನ ರಕ್ತ ಹುಳಿಯಾಗುತ್ತದೆ, ಶ್ವಾಸಕೋಶದ ನಾಳಗಳು ಮುದುಡುತ್ತವೆ. ಆದ್ದರಿಂದ ಒರೆಸಿ, ಟೊಪ್ಪಿಗೆ ಹಾಕಿ, ಬೆಚ್ಚಗೆ ಸುತ್ತಿ, ಆಮ್ಲಜನಕ ಹಿಡಿದು ಹೊರಡುವ 108 ವಾಹನದಲ್ಲೇ ಚಿಕಿತ್ಸೆ ಅರ್ಧ ಆರಂಭವಾಗಿರುತ್ತದೆ. ಬರೀ ಟವೆಲ್ ಸುತ್ತಿ, ‘ಬೇಗ ಹೋಗ್ರಿ’ ಎಂದು ಕಳಿಸಿದ ಕೂಸು ಐವತ್ತು ಕಿಲೋಮೀಟರ್ ಕಳೆದು ಬರುವುದರೊಳಗೆ ಬೇರೆಯೇ ಕೂಸಾಗಿರುತ್ತದೆ. ಮಕ್ಕಳ ವೈದ್ಯರು ಈ ಮಾತನ್ನು ಬಹಳ ಬೇಸರದಿಂದ ಹೇಳುತ್ತಾರೆ.

ರಾಯಚೂರು ನಗರದಲ್ಲಿ ಸರಕಾರದ ವೈದ್ಯಕೀಯ ಕಾಲೇಜು ರಿಮ್ಸ್ ಇದೆ, ಅದು 2007ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲಿನ ಖಾಸಗಿ ನವೋದಯ ವೈದ್ಯಕೀಯ ಕಾಲೇಜಿದೆ. ಅದರಾಚೆ ಬೇಕೆಂದರೆ ಹೈದರಾಬಾದು ಇನ್ನೂರು ಕಿಲೋಮೀಟರ್ ಆಸುಪಾಸು, ಬೆಂಗಳೂರು ನಾನೂರಕ್ಕೂ ಹೆಚ್ಚು. 2022ರ ಮೇ ತಿಂಗಳಲ್ಲಿ ರಾಯಚೂರಿಗೆ ಏಮ್ಸ್ ಬೇಕೆಂದು ಶುರುವಾದ ಧರಣಿ ಸಾವಿರ ದಿನ ದಾಟಿದ್ದು ಸುಮ್ಮನೆ ಅಲ್ಲ.

ವಾರ್ಡಿನೊಳಗೆ, ಜನ ‘ಗಾಜಿನ ಪೆಟ್ಟಿಗೆ’ ಎನ್ನುವ ಸಾಲಿನಲ್ಲಿ, ಇಂಥ ಕೂಸಿನ ಚಿಕಿತ್ಸೆಯ ಮೊದಲ ನಿಯಮ ವಿಚಿತ್ರವಾದದ್ದು: ಮುಟ್ಟಬೇಡಿ. ಲಂಗೋಟಿ ಬದಲಿಸಿದರೆ, ಸೂಜಿ ಚುಚ್ಚಿದರೆ, ಪಕ್ಕದಲ್ಲಿ ಸ್ಟೀಲ್ ಟ್ರೇ ಬಿದ್ದರೆ ಸಾಕು, 92 ಇದ್ದ ಅಂಕಿ 65ಕ್ಕೆ ಇಳಿಯಬಹುದು. ಕಣ್ಣಿಗೆ ಪಟ್ಟಿ, ಕಿವಿಗೆ ಹತ್ತಿ, ದೀಪ ಮಂದ, ಮಾಡಬೇಕಾದ ಕೆಲಸಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಲ. ಏನಾದರೂ ಮಾಡುತ್ತಲೇ ಇದ್ದರೆ ಮಾತ್ರ ಚಿಕಿತ್ಸೆ ಎಂದು ನಂಬಿರುವ ನಮಗೆ ಇದು ಒಗ್ಗುವುದಿಲ್ಲ. ಹೊರಗೆ ನಿಂತ ಅಪ್ಪ ‘ಯಾರೂ ನಮ್ಮ ಕೂಸಿನ ಹತ್ರನ ಹೋಗವಲ್ರು’ ಎಂದು ಜಗಳಕ್ಕೆ ಬಂದರೆ ಅವನ ತಪ್ಪೂ ಅಲ್ಲ.

ವೈದ್ಯರಿಗೂ ಈ ಪಾಠ ಸುಲಭವಾಗಿ ಬರಲಿಲ್ಲ. 1970 ಮತ್ತು 80ರ ದಶಕಗಳಲ್ಲಿ ವೆಂಟಿಲೇಟರನ್ನು ಜೋರಾಗಿ ಓಡಿಸಿ, ರಕ್ತದ ಇಂಗಾಲದ ಡೈಆಕ್ಸೈಡನ್ನು ತೀರಾ ಇಳಿಸಿ, ರಕ್ತವನ್ನು ಕ್ಷಾರವಾಗಿಸಿ ನಾಳಗಳನ್ನು ಬಲವಂತವಾಗಿ ತೆರೆಸುತ್ತಿದ್ದರು. ಅಂಕಿ ಏರುತ್ತಿತ್ತು. ಆದರೆ ಶ್ವಾಸಕೋಶ ಹರಿದುಹೋಗುತ್ತಿತ್ತು, ಮೆದುಳಿಗೆ ರಕ್ತ ಕಡಿಮೆಯಾಗುತ್ತಿತ್ತು, ಉಳಿದ ಮಕ್ಕಳಲ್ಲಿ ಕೆಲವರಿಗೆ ಕಿವಿ ಕೇಳುತ್ತಿರಲಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಜೆನ್-ಟಿಯೆನ್ ವುಂಗ್ ಈ ಜೋರಾಟವನ್ನು ಬಿಟ್ಟು ಮೆದುವಾಗಿ ಉಸಿರು ಕೊಟ್ಟು ನೋಡಿದರು. 1985ರಲ್ಲಿ ಅವರ ತಂಡ ಪ್ರಕಟಿಸಿದ ವರದಿಯಲ್ಲಿ ತೀವ್ರವಾಗಿ ಕಾಯಿಲೆಯಾಗಿದ್ದ 15 ಕೂಸುಗಳಿದ್ದವು, 15ಕ್ಕೆ 15 ಬದುಕಿದವು. ಅದೇ ವುಂಗ್ ಬೆಳೆಸಿದ ಇನ್ನೊಂದು ಸಾಧನ ಬಬಲ್ ಸಿಪ್ಯಾಪ್: ಕೂಸಿನ ಮೂಗಿನಿಂದ ಬಂದ ಕೊಳವೆಯ ತುದಿಯನ್ನು ಬಾಟಲಿಯ ನೀರಿನಲ್ಲಿ ಐದು ಸೆಂಟಿಮೀಟರ್ ಮುಳುಗಿಸಿದರೆ ಆಯಿತು, ಆ ನೀರಿನ ಒತ್ತಡವೇ ಶ್ವಾಸಕೋಶವನ್ನು ಮುಚ್ಚಿಕೊಳ್ಳದಂತೆ ಹಿಡಿಯುತ್ತದೆ. ಗುಳುಗುಳು ಸದ್ದು ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ಇದಕ್ಕಿಂತ ಅಗ್ಗದ ಅಲಾರಂ ಇನ್ನೊಂದಿಲ್ಲ. ಹೆಚ್ಚು ಕೆಟ್ಟ ಕೂಸುಗಳಿಗೆ ವೆಂಟಿಲೇಟರೇ ಬೇಕು, ಶ್ವಾಸಕೋಶದೊಳಗೆ ಅದನ್ನು ಮುಚ್ಚಿಕೊಳ್ಳದಂತೆ ಕಾಯುವ ಸರ್ಫಾಕ್ಟಂಟ್ ಎಂಬ ದ್ರವ ಹಾಕಬೇಕಾಗಬಹುದು. ಆಮ್ಲಜನಕವನ್ನೂ ಅಳೆದೇ ಕೊಡಬೇಕು. ಅತಿಯಾದರೆ ಅದರಿಂದ ಹುಟ್ಟುವ ಉಗ್ರ ಕಣಗಳು ನಾಳ ಅರಳಿಸುವ ನೈಟ್ರಿಕ್ ಆಕ್ಸೈಡನ್ನೇ ತಿಂದುಹಾಕುತ್ತವೆ.

ಈ ನೈಟ್ರಿಕ್ ಆಕ್ಸೈಡಿನ ಕಥೆ ರಾಯಚೂರಿನವರಿಗೆ ಸ್ವಲ್ಪ ವ್ಯಂಗ್ಯವಾಗಿ ಕಾಣಬೇಕು. ರಕ್ತನಾಳದ ಒಳಪದರ ಏನೋ ಒಂದನ್ನು ಬಿಟ್ಟು ನಾಳವನ್ನು ಸಡಿಲಿಸುತ್ತದೆ ಎಂದು 1980ರಲ್ಲಿ ತೋರಿಸಿದವರು ರಾಬರ್ಟ್ ಫರ್ಚ್‌ಗಾಟ್. ಆ ‘ಏನೋ ಒಂದು’ ವಾಹನದ ಹೊಗೆಯಲ್ಲಿ, ಸಿಡಿಲಿನಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡೇ ಎಂದು ಗೊತ್ತಾದಾಗ ಯಾರೂ ಸುಲಭಕ್ಕೆ ನಂಬಲಿಲ್ಲ. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿದ್ ಮುರಾದ್ ಮೂವರಿಗೆ ನೊಬೆಲ್ ಬಂತು. ಅಷ್ಟು ಹೊತ್ತಿಗೆ ವೈದ್ಯರು ಕಾಯುತ್ತ ಕೂತಿರಲಿಲ್ಲ. 1992ರಲ್ಲೇ ಬೋಸ್ಟನ್ ಮತ್ತು ಡೆನ್ವರ್ ನಗರಗಳ ಎರಡು ತಂಡಗಳು ಪಿಪಿಎಚ್‌ಎನ್ ಕೂಸುಗಳಿಗೆ ಈ ಅನಿಲವನ್ನು ಉಸಿರಾಡಿಸಿ, ಅವು ಕೆಂಪಾಗುವುದನ್ನು ವರದಿ ಮಾಡಿದ್ದವು. ಇದರ ಸೊಗಸು ಇಷ್ಟು: ಗಾಳಿ ಹೋಗುವ ಜಾಗಕ್ಕಷ್ಟೇ ಇದು ಹೋಗುತ್ತದೆ, ಅಲ್ಲಿನ ನಾಳವನ್ನಷ್ಟೇ ಅರಳಿಸುತ್ತದೆ, ರಕ್ತಕ್ಕಿಳಿದ ಕೂಡಲೇ ಹಿಮೋಗ್ಲೋಬಿನ್ ಅದನ್ನು ಹಿಡಿದು ಸುಮ್ಮನಾಗಿಸುತ್ತದೆ. ಮೈಯ ಉಳಿದ ಭಾಗದ ರಕ್ತದೊತ್ತಡ ಇಳಿಯುವುದಿಲ್ಲ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 20 ಪಾಲು ಸಾಕು. 1999ರ ಕೊನೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹತ್ತರಲ್ಲಿ ಮೂರು-ನಾಲ್ಕು ಕೂಸುಗಳು ಇದಕ್ಕೂ ಬಗ್ಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ರಾಯಚೂರಿನ ಹೊರಗೆ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ, 1720 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು 1985ರಿಂದ ಹೊಗೆಯುಗುಳುತ್ತಿವೆ. ಕಲ್ಲಿದ್ದಲು ಉರಿದಾಗ ಹುಟ್ಟುವ ಅನಿಲಗಳಲ್ಲಿ ಇದೇ ನೈಟ್ರಿಕ್ ಆಕ್ಸೈಡೂ ಒಂದು. ಆದರೆ ಶುದ್ಧಗೊಳಿಸಿ, ಸಿಲಿಂಡರಿಗೆ ತುಂಬಿ, ವಿಷವಾದ ನೈಟ್ರೋಜನ್ ಡೈಆಕ್ಸೈಡ್ ಆಗದಂತೆ ಕ್ಷಣಕ್ಷಣಕ್ಕೂ ಅಳೆಯುತ್ತ ಕೊಡುವ ಏರ್ಪಾಡು ಬಹಳ ದುಬಾರಿ. ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳ ಸ್ವತ್ತು ಅದು.

ಅದಿಲ್ಲದ ಕಡೆ ಏನು ಮಾಡುವುದು? ಇಲ್ಲಿ ಬರುತ್ತದೆ ಸಿಲ್ಡೆನಾಫಿಲ್. ಎದೆನೋವಿಗೆಂದು ಫೈಜರ್ ಕಂಪನಿ ಇಂಗ್ಲೆಂಡಿನಲ್ಲಿ ಹುಡುಕಿದ, 1998ರಲ್ಲಿ ವಯಾಗ್ರಾ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಗೊತ್ತಾದ ಅದೇ ಗುಳಿಗೆ. ನೈಟ್ರಿಕ್ ಆಕ್ಸೈಡ್ ತೂಬನ್ನು ಎತ್ತಿದರೆ, ಪಿಡಿಇ-5 ಎಂಬ ಕಿಣ್ವ ಅದನ್ನು ಮತ್ತೆ ಇಳಿಸುತ್ತದೆ. ಸಿಲ್ಡೆನಾಫಿಲ್ ತೂಬಿನ ಕೆಳಗೆ ಕಲ್ಲಿಟ್ಟಂತೆ, ಇಳಿಯಲು ಬಿಡುವುದಿಲ್ಲ. ಆ ಕಿಣ್ವ ಶ್ವಾಸಕೋಶದ ನಾಳಗಳಲ್ಲಿ ಹೇರಳವಾಗಿರುವುದು ಕೂಸುಗಳ ಅದೃಷ್ಟ. ಕೊಲಂಬಿಯಾ ದೇಶದ ಬಾರಾಂಕಿಯಾ ನಗರದಲ್ಲಿ, ನೈಟ್ರಿಕ್ ಆಕ್ಸೈಡ್ ಸಿಗದ ಆಸ್ಪತ್ರೆಯಲ್ಲಿ, ವೈದ್ಯರು ಇದನ್ನು ಹೊಟ್ಟೆಗೆ ಕೊಟ್ಟು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಇದ್ದದ್ದು 13 ಕೂಸು. ಔಷಧ ಸಿಕ್ಕ 7ರಲ್ಲಿ 6 ಉಳಿದವು. ಸಿಗದ 6ರಲ್ಲಿ ಉಳಿದದ್ದು 1. ಸಣ್ಣ ಅಧ್ಯಯನ, ಅದರ ಮೇಲೆ ಮನೆ ಕಟ್ಟಲಾಗದು. ಆದರೂ ಬಡ ದೇಶಗಳ ವಾರ್ಡುಗಳಲ್ಲಿ ಅಂದಿನಿಂದ ಈ ಗುಳಿಗೆ ಜಾಗ ಹಿಡಿಯಿತು. ಗುಳಿಗೆಯನ್ನು ಅರೆದು, ಕೂಸಿನ ತೂಕಕ್ಕೆ ತಕ್ಕಂತೆ ಮಿಲಿಗ್ರಾಂ ಲೆಕ್ಕದಲ್ಲಿ ಪೊಟ್ಟಣ ಕಟ್ಟಿ, ಮೂಗಿನ ನಳಿಕೆಯಲ್ಲಿ ಹಾಕುತ್ತಾರೆ. ಇದು ಮೈಯೆಲ್ಲದರ ರಕ್ತದೊತ್ತಡವನ್ನೂ ಇಳಿಸಬಹುದಾದ್ದರಿಂದ ಆ ಕಡೆಯೂ ಒಂದು ಕಣ್ಣಿಟ್ಟಿರಬೇಕು. ಚೀಟಿ ಹಿಡಿದು ರಾತ್ರಿ ಮೆಡಿಕಲ್ ಸ್ಟೋರಿಗೆ ಓಡಿದ ಅಪ್ಪನ ಮುಖವನ್ನು ಅಂಗಡಿಯವನು ಮೇಲಿಂದ ಕೆಳಗೆ ನೋಡುತ್ತಾನೆ. ‘ಕೂಸಿಗ್ರಿ, ಕೂಸಿಗೆ’ ಎಂದು ಎರಡೆರಡು ಸಲ ಹೇಳಬೇಕಾಗುವ ಔಷಧ ಇದೊಂದೇ ಇರಬೇಕು.

ಎಲ್ಲವೂ ಸೋತಾಗ ಎಕ್ಮೋ ಇದೆ: ರಕ್ತವನ್ನು ಹೊರಗೆ ತಂದು, ಯಂತ್ರದ ಪೊರೆಯಲ್ಲಿ ಆಮ್ಲಜನಕ ಬೆರೆಸಿ, ಮತ್ತೆ ಒಳಗೆ ಬಿಡುವುದು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಬಾರ್ಟ್‌ಲೆಟ್ ಹೀಗೆ ಮೊದಲು ಉಳಿಸಿದ ನವಜಾತ ಕೂಸು ನಮ್ಮ ದೇವದುರ್ಗದ ಕೂಸಿನಂತೆಯೇ ಹೊಲಸು ನೀರು ಎಳೆದುಕೊಂಡಿತ್ತು. ತಾಯಿ ಬಿಟ್ಟುಹೋಗಿದ್ದ ಆ ಕೂಸಿಗೆ ನರ್ಸ್‌ಗಳೇ ಎಸ್ಪೆರಾನ್ಸಾ ಎಂದು ಹೆಸರಿಟ್ಟರು. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಭರವಸೆ.

ಇಷ್ಟು ಹೊತ್ತೂ ಮಾತಾಡಿದ್ದು ಹುಟ್ಟಿದ ಮೊದಲ ಗಂಟೆಗಳಲ್ಲಿ ಮುಚ್ಚಿಯೇ ಉಳಿಯುವ ತೂಬಿನ ಬಗ್ಗೆ. ಸರಿಯಾಗಿ ತೆರೆದುಕೊಂಡ ತೂಬು ಎರಡು-ಮೂರು ತಿಂಗಳಾದ ಮೇಲೆ ಇದ್ದಕ್ಕಿದ್ದಂತೆ ಕಚ್ಚಿಕೊಳ್ಳುವುದೂ ಉಂಟು. ನಮ್ಮ ಸೀಮೆಯ ಮಟ್ಟಿಗೆ ನನಗೆ ಇದೇ ಹೆಚ್ಚು ಮುಖ್ಯವೆನಿಸುತ್ತದೆ.

ಕೂಸು ದುಂಡಗೆ ಬೆಳೆಯುತ್ತಿರುತ್ತದೆ. ಅವ್ವನ ಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ, ಡಾಕ್ಟರು ಹೇಳಿದ ಹಾಗೆಯೇ. ಒಂದು ದಿನ ಹಾಲು ಕುಡಿಯುವುದನ್ನು ಬಿಡುತ್ತದೆ, ವಾಂತಿ ಮಾಡುತ್ತದೆ, ಏದುಸಿರು ಬಿಡುತ್ತದೆ. ಅಳುತ್ತದೆ, ಆದರೆ ದನಿಯಿಲ್ಲ. ಬಾಯಿ ತೆರೆದಿದೆ, ಮುಖ ಕೆಂಪಾಗಿದೆ, ಸದ್ದು ಮಾತ್ರ ಇಲ್ಲ. ಎಕೋ ಮಾಡಿದರೆ ಹೃದಯದ ಬಲಭಾಗ ಉಬ್ಬಿಕೊಂಡಿದೆ, ಶ್ವಾಸಕೋಶದ ನಾಳಗಳಲ್ಲಿ ವಿಪರೀತ ಒತ್ತಡ. ನ್ಯುಮೋನಿಯಾ ಎಂದೋ ರಕ್ತಕ್ಕೆ ಸೋಂಕು ಎಂದೋ ತಿಳಿದು ಚಿಕಿತ್ಸೆ ಕೊಡುತ್ತ ಇಂಥ ಎಷ್ಟೋ ಕೂಸುಗಳನ್ನು ಕಳೆದುಕೊಂಡಿದ್ದೇವೆ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದಯತಜ್ಞೆ ಉಷಾ ಶಾಸ್ತ್ರಿ ಮತ್ತು ಸಹೋದ್ಯೋಗಿಗಳು ಇಂಥ ಕೂಸುಗಳಿಗೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟು ನೋಡಿದರು. ಅವರ ಅಧ್ಯಯನ 2021ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ತೀವ್ರ ಒತ್ತಡವಿದ್ದ 250 ಕೂಸುಗಳಲ್ಲಿ 231 ಕೂಸುಗಳು ಗುಣವಾದವು. ಅವುಗಳ ಸರಾಸರಿ ವಯಸ್ಸು ಮೂರು ತಿಂಗಳ ಆಸುಪಾಸು. ಒಂದೆರಡು ದಿನದಲ್ಲೇ ಉಬ್ಬಿದ ಹೃದಯ ತಗ್ಗುತ್ತದೆ. ಹೈದರಾಬಾದಿನ ವೈದ್ಯರೂ ಇದೇ ಬಗೆಯ ಕೂಸುಗಳನ್ನು 2020ರಲ್ಲಿ ವರದಿ ಮಾಡಿದ್ದರು. ಸಿಲಿಂಡರ್ ಬೇಡ, ಎಕ್ಮೋ ಬೇಡ. ಕೆಲವೇ ರೂಪಾಯಿಯ ಔಷಧ.

ಬಿ1 ಇಲ್ಲದಿದ್ದರೆ ಜೀವಕೋಶಗಳಿಗೆ ಸಕ್ಕರೆಯನ್ನು ಪೂರ್ತಿ ಉರಿಸಲಾಗುವುದಿಲ್ಲ. ಅರೆಬೆಂದ ಉರುವಲಿನ ಹೊಗೆಯಂತೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಹುಳಿಯಾದ ರಕ್ತಕ್ಕೆ ಶ್ವಾಸಕೋಶದ ನಾಳಗಳು ಮುದುಡುವುದನ್ನು ಆಗಲೇ ನೋಡಿದೆವು. ದನಿ ಹೋಗುವುದು ಗಂಟಲಿನ ನರ ಸೋಲುವುದರಿಂದ. ಮೈಯಲ್ಲಿ ಬಿ1 ದಾಸ್ತಾನು ಇರುವುದು ಕೆಲವೇ ವಾರಗಳಿಗೆ ಸಾಲುವಷ್ಟು. ತಾಯಿಯ ತಟ್ಟೆಯಲ್ಲಿ ಇಲ್ಲದಿದ್ದರೆ ಹಾಲಿನಲ್ಲೂ ಇಲ್ಲ.

ಹಾಗಾದರೆ ತಟ್ಟೆಯಲ್ಲಿ ಏನಿತ್ತು? ಬೆಂಗಳೂರಿನ ವೈದ್ಯರಿಗೆ ಕಂಡದ್ದು ಪಾಲಿಶ್ ಮಾಡಿದ ಬಿಳಿ ಅಕ್ಕಿ ಮತ್ತು ಬಾಣಂತಿ ಪಥ್ಯ. ರಾಯಚೂರು ಸೀಮೆಯ ಯಾವ ಮನೆಯಲ್ಲಿ ಕೇಳಿದರೂ ಉತ್ತರ ಬಹಳ ಬೇರೆಯಾಗಲಾರದು. ‘ಬಾಣಂತಿಗೆ ಏನು ಕೊಡಬೇಕೋ ಅದ ಕೊಟ್ಟೀವ್ರಿ. ಬಿಸಿ ಅನ್ನ, ಬಳ್ಳೊಳ್ಳಿ ಖಾರ, ಒಂಚೂರು ತುಪ್ಪ.’ ಬೇಳೆ ವಾಯು, ಕಾಯಿಪಲ್ಲೆ ತಂಪು, ರೊಟ್ಟಿ ಕೂಸಿಗೆ ಹೊಟ್ಟೆನೋವು. ಉಳ್ಳವರ ಮನೆಯಲ್ಲಿ ಅಂಟಿನುಂಡಿ, ಅಳವಿ ಪಾಯಸ ಬರುತ್ತವೆ. ಇಲ್ಲದವರಲ್ಲಿ ಪಥ್ಯದ ಕಟ್ಟು ಮಾತ್ರ ಉಳಿಯುತ್ತದೆ. ಊಟದ ಮೇಲೆ ಎಲೆ-ಅಡಿಕೆ. ಅಡಿಕೆಯ ಒಗರಿಗೂ ಬಿ1ಗೂ ಆಗಿಬರುವುದಿಲ್ಲ.

ಇದು ಬಿಳಿಜೋಳದ ನಾಡಾಗಿತ್ತು. ನೂರು ಗ್ರಾಂ ಜೋಳದಲ್ಲಿ ಬಿ1 ಸುಮಾರು 0.35 ಮಿಲಿಗ್ರಾಂ, ಪಾಲಿಶ್ ಅಕ್ಕಿಯಲ್ಲಿ ಸುಮಾರು 0.05 ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕ ಹೇಳುತ್ತದೆ. ಏಳು ಪಟ್ಟು ವ್ಯತ್ಯಾಸ. ಅಕ್ಕಿಯನ್ನು ಮೂರು ಸಲ ತೊಳೆದು, ಗಂಜಿ ಬಸಿದರೆ ಆ 0.05 ಕೂಡ ಪೂರ್ತಿ ಉಳಿಯುವುದಿಲ್ಲ. 1950ರ ದಶಕದಲ್ಲಿ ತುಂಗಭದ್ರಾ ಕಾಲುವೆಯ ನೀರು ಬಂತು, ಭತ್ತ ಬಂತು, ಸೋನಾ ಮಸೂರಿ ಬಂತು, ರೈಸ್‌ಮಿಲ್‌ಗಳು ಬಂದವು. ಈ ಅಧ್ಯಾಯದ ಆರಂಭದಲ್ಲಿ ನಾನು ಉಪಮೆಗೆಂದು ಎಳೆದುಕೊಂಡ ಕಾಲುವೆ ಇಲ್ಲಿ ಉಪಮೆಯಾಗಿ ಉಳಿಯುವುದಿಲ್ಲ. ಅಕ್ಕಿಯನ್ನು ಬೈಯುವ ಮನಸ್ಸು ನನಗಿಲ್ಲ. 2011ರಲ್ಲಿ ದೇವದುರ್ಗದ ಅಪೌಷ್ಟಿಕ ಮಕ್ಕಳ ಸುದ್ದಿ ರಾಜ್ಯವನ್ನೇ ನಾಚಿಸಿತ್ತು. 2013ರ ಅನ್ನಭಾಗ್ಯ ಎಷ್ಟು ಒಲೆಗಳನ್ನು ಹೊತ್ತಿಸಿತು ಎಂದು ಹಸಿದವರು ಬಲ್ಲರು. ಈಚಿನ ವರ್ಷಗಳಲ್ಲಿ ರೇಷನ್ ಅಕ್ಕಿಯಲ್ಲಿ ಪೋಷಕಾಂಶದ ಕಾಳು ಬೆರೆಸಿದರು, ಜನ ಅದನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಬಿಸಾಡಿದ್ದೂ ಉಂಟು. ಅದರಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಡ್ಡಾಯ. ಬಿ1 ಕಡ್ಡಾಯವಲ್ಲ.

ಇದೆಲ್ಲ ಹೊಸ ಜ್ಞಾನವೂ ಅಲ್ಲ. 1890ರ ಸುಮಾರಿಗೆ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯನ ಪ್ರಯೋಗದ ಕೋಳಿಗಳು ಕಾಲು ಸೋತು ಬಿದ್ದವು, ಕೆಲ ತಿಂಗಳ ಮೇಲೆ ತಾವಾಗಿ ಎದ್ದವು. ವಿಚಾರಿಸಿದರೆ, ನಡುವೆ ಅಷ್ಟು ದಿನ ಅವಕ್ಕೆ ಸೈನಿಕ ಆಸ್ಪತ್ರೆಯ ಬಿಳಿ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನ ಕೋಳಿಗೆ ಕೊಡೆನೆಂದು ನಿಲ್ಲಿಸಿದ್ದ. ಆ ಅಡುಗೆಯವನ ಜಿಪುಣತನದಿಂದ ಹೊರಟ ದಾರಿ 1929ರಲ್ಲಿ ಐಕ್ಮನ್ನನ ನೊಬೆಲ್‌ಗೆ ಮುಟ್ಟಿತು. ಫಿಲಿಪ್ಪೀನ್ಸ್‌ನಲ್ಲಿ ದನಿಯಿಲ್ಲದೆ ಅಳುವ ಕೂಸುಗಳಿಗೆ ತೌಡಿನ ಕಷಾಯ ಕುಡಿಸಿ ಬದುಕಿಸಿಕೊಂಡದ್ದು ನೂರು ವರ್ಷಕ್ಕೂ ಹಿಂದಿನ ಮಾತು.

ತೌಡು ನಮ್ಮಲ್ಲೂ ಇದೆ. ಮಿಲ್ಲಿನಲ್ಲಿ ಅಕ್ಕಿ ಬೆಳ್ಳಗಾದಷ್ಟೂ ಬಿ1 ಹೋಗಿ ಸೇರುವುದು ತೌಡಿಗೆ. ಬೆಳಿಗ್ಗೆ ಅದನ್ನು ಅಕ್ಕಿ ತೊಳೆದ ನೀರಿನ ಕಲಗಚ್ಚಿಗೆ ಕಲಸಿ, ಬಾಣಂತಿಯ ಕೋಣೆಯ ಹಿಂದೆ ಕಟ್ಟಿದ ಎಮ್ಮೆಯ ಮುಂದೆ ಇಡುತ್ತಾರೆ. ಒಳಗೆ ಅದೇ ಹೊತ್ತಿಗೆ ಬಿಳಿ ಅನ್ನ ಬಸಿಯುತ್ತಿರುತ್ತದೆ. ಎಮ್ಮೆಗೆ ಅದರಲ್ಲಿನ ಬಿ1 ಬೇಕಾಗಿಯೂ ಇರುವುದಿಲ್ಲ. ಮೆಲುಕು ಹಾಕುವ ಪ್ರಾಣಿ, ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ತಾವೇ ಅದನ್ನು ತಯಾರಿಸಿಕೊಡುತ್ತವೆ.